ಬಾಸೆಲ್ ಮಿಶನ್ನಿನ ಮನೆವಾರ್ತೆ : ನಾಯಕತ್ವ, ನಂಬಿಕೆ, ಸಂಸಾರ

ಹತ್ತೊಂಬತ್ತನೆಯ ಶತಮಾನದ ಕನ್ನಡನಾಡಿನ ಚರಿತ್ರೆಯನ್ನು ಓದುವವರಿಗೆ ಬಾಸೆಲ್ ಮಿಶನ್ನಿನ ಹೆಸರು ಹೊಸದಲ್ಲ. ೧೮೪೧ರ ಮಂಗಳೂರಿನ ಅಚ್ಚುಕೂಟ, ೧೮೪೩ರ ‘ಮಂಗಳೂರ ಸಮಾಚಾರ’, ೧೮೬೫ರ ಹೆಂಚಿನ ಕಾರ್ಖಾನೆ, ೧೮೯೪ರ ಕಿಟ್ಟೆಲ್ ನಿಘಂಟು, ಇವಿಷ್ಟನ್ನು ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ತಪ್ಪದೆ ಬರೆಯುತ್ತಾರೆ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (೧೯೭೪) ಪ್ರಕಟವಾದ ಮೇಲಂತೂ ಈ ಪಾದ್ರಿಗಳ ಸಾಹಿತ್ಯಸೇವೆಯ ವಿಷಯದಲ್ಲಿ ಕನ್ನಡ ವಾಚಕರಿಗೆ ಅಜ್ಞಾನಕ್ಕೆ ನೆಪವಿಲ್ಲ. ಆದರೆ ಆ ಅಚ್ಚುಕೂಟವನ್ನು ನಡೆಸಿದವರು, ಆ ನಿಘಂಟನ್ನು ಬರೆದವರು ಯಾವ ಕಟ್ಟುಕಟ್ಟಳೆಗೆ ಒಳಪಟ್ಟು ಬಾಳಿದರು, ಯಾರ ಅಪ್ಪಣೆಯಿಂದ ಮದುವೆಯಾದರು, ಅವರ ಮಕ್ಕಳು ಎಲ್ಲಿ ಬೆಳೆದರು ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಲ್ಲ.

ಕ್ರೈಸ್ತ ವಲಯದಲ್ಲಿ ಇದೇ ಪಾದ್ರಿಗಳ ಜೀವನವನ್ನು ಬೇರೊಂದು ಉದ್ದೇಶದಿಂದ ಓದುವ ರೂಢಿಯುಂಟು. ಸಭೆಯ ನಾಯಕನಾದವನು ಹೇಗೆ ನಡೆದುಕೊಳ್ಳಬೇಕು, ನಂಬಿಕೆಯು ಕಷ್ಟದಲ್ಲಿ ಹೇಗೆ ನಿಲ್ಲಬೇಕು, ಕ್ರೈಸ್ತ ಕುಟುಂಬ ಹೇಗಿರಬೇಕು ಎಂಬುದಕ್ಕೆ ಆ ಜೀವನಗಳನ್ನು ಮೇಲ್ಪಂಕ್ತಿಯಾಗಿ ಎತ್ತಿ ತೋರಿಸುತ್ತಾರೆ. ಹಾಗೆ ತೋರಿಸುವುದು ತಪ್ಪಲ್ಲ. ಆದರೆ ಈ ಮೂರು ಪಾಠಗಳು ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆಂದು ಈ ಬರಹಗಳು ಮೊದಲೇ ಇಟ್ಟುಕೊಂಡುಬಿಡುತ್ತವೆ. ಬಾಸೆಲ್ ಮಿಶನ್ನಿನ ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ ಎಂಬುದೇ ಪ್ರಕೃತ ಲೇಖನದ ವಾದ. ಇದಕ್ಕೆ ಆಧಾರವಾಗಿ ಎರಡು ಗ್ರಂಥಗಳನ್ನು ತೆಗೆದುಕೊಂಡಿದ್ದೇನೆ. ಮೊದಲನೆಯದು ಅಮೆರಿಕದ ಸಮಾಜಶಾಸ್ತ್ರಜ್ಞ ಜಾನ್ ಮಿಲ್ಲರ್ ಅವರು ೧೯೯೪ರಲ್ಲಿ ಪ್ರಕಟಿಸಿದ ‘ದಿ ಸೋಶಿಯಲ್ ಕಂಟ್ರೋಲ್ ಆಫ್ ರಿಲಿಜಿಯಸ್ ಜೀಲ್’; ಇದು ೨೦೦೩ರಲ್ಲಿ ಬೇರೆ ಹೆಸರಿನಿಂದ ಮತ್ತೆ ಅಚ್ಚಾಯಿತು. ಎರಡನೆಯದು ಡಾಗ್ಮಾರ್ ಕೋನ್‌ರಾಡ್ ಎಂಬ ಜರ್ಮನ್ ವಿದುಷಿಯ ‘ಮಿಶನ್ಸ್‌ಬ್ರಾಯ್ಟೆ’ (೨೦೦೧), ಎಂದರೆ ‘ಮಿಶನ್ನಿನ ವಧುಗಳು’. ಮಿಲ್ಲರರ ಗ್ರಂಥದ ಕ್ಷೇತ್ರ ಆಫ್ರಿಕದ ಗೋಲ್ಡ್ ಕೋಸ್ಟ್, ಈಗಿನ ಘಾನಾ. ಅಲ್ಲಿ ಕೆಲಸ ಮಾಡಿದುದೂ ಮಂಗಳೂರಿನಲ್ಲಿ ಕೆಲಸ ಮಾಡಿದುದೂ ಒಂದೇ ಸಂಸ್ಥೆ, ಒಂದೇ ಸಮಿತಿ, ಒಂದೇ ನಿಯಮಾವಳಿ. ಆದುದರಿಂದ ಅಲ್ಲಿ ಹುಟ್ಟಿದ ಸಿದ್ಧಾಂತವನ್ನು ಇಲ್ಲಿಯ ಸಂಗತಿಗಳಿಂದ ಪರೀಕ್ಷಿಸಲು ನಮಗೆ ಅಧಿಕಾರವಿದೆ.

ಮೊದಲು ಶಾಸ್ತ್ರದ ಮಾತು. ಹೊಸ ಒಡಂಬಡಿಕೆಯಲ್ಲಿ ಸಂಸಾರದ ವಿಷಯವಾಗಿ ಎರಡು ಧೋರಣೆಗಳಿವೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯವು ಸಭಾಧ್ಯಕ್ಷನ ಯೋಗ್ಯತೆಗಳನ್ನು ಹೇಳುವಾಗ, ತನ್ನ ಮನೆಯನ್ನೇ ಆಳಲಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂಬ ಅರ್ಥದ ಪ್ರಶ್ನೆಯನ್ನು ಹಾಕುತ್ತದೆ. ಎಫೆಸದವರಿಗೆ, ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಗಳಲ್ಲಿ ಗಂಡ ಹೆಂಡತಿ, ತಂದೆ ಮಕ್ಕಳು, ಒಡೆಯ ಆಳು ಇವರ ಧರ್ಮಗಳ ಪಟ್ಟಿಯೇ ಇದೆ. ಇಲ್ಲಿ ಮನೆಯು ಸಭೆಯ ತಳಹದಿ. ಆದರೆ ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯಕ್ಕೆ ಬಂದರೆ ತಂದೆತಾಯಿ ಹೆಂಡಿರುಮಕ್ಕಳನ್ನು ತೊರೆಯಲಾರದವನು ಶಿಷ್ಯನಾಗಲಾರನೆಂಬ ಕಠಿಣವಾದ ಮಾತು ಎದುರಾಗುತ್ತದೆ. ಇಲ್ಲಿ ಮನೆಯು ದಾಟಬೇಕಾದ ಹೊಸ್ತಿಲು. ಕ್ರೈಸ್ತ ಪರಂಪರೆ ಈ ಎರಡನ್ನೂ ಉಳಿಸಿಕೊಂಡು ಬಂದಿದೆ. ರೋಮನ್ ಕೆಥೊಲಿಕ್ ಸಭೆ ಒಂದನ್ನು ಗೃಹಸ್ಥರಿಗೆ, ಇನ್ನೊಂದನ್ನು ಸಂನ್ಯಾಸಿಗಳಿಗೆ ಹಂಚಿಕೊಟ್ಟು ತೊಡಕನ್ನು ಬಿಡಿಸಿಕೊಂಡಿತು. ಮಠಗಳನ್ನು ಮುಚ್ಚಿದ ಪ್ರಾಟೆಸ್ಟೆಂಟರಿಗೆ ಈ ಅನುಕೂಲವಿರಲಿಲ್ಲ. ಅವರ ಪಾದ್ರಿ ಗೃಹಸ್ಥನೂ ಆಗಬೇಕು, ತ್ಯಾಗಿಯೂ ಆಗಬೇಕು.

ಬಾಸೆಲ್ ಮಿಶನ್ ಹುಟ್ಟಿದ್ದು ೧೮೧೫ರಲ್ಲಿ, ಸ್ವಿಸ್ ದೇಶದ ಬಾಸೆಲ್ ನಗರದಲ್ಲಿ. ಹಣ ಕೊಟ್ಟವರು, ಸಮಿತಿಯಲ್ಲಿ ಕುಳಿತವರು ಆ ನಗರದ ಶ್ರೀಮಂತ ಮನೆತನದವರು ಮತ್ತು ಧರ್ಮಗುರುಗಳು. ಕೆಲಸಕ್ಕೆ ಹೋದವರಲ್ಲಿ ಹೆಚ್ಚಿನವರು ನೆರೆಯ ವ್ಯೂರ್ಟೆಂಬೆರ್ಗ್ ಸೀಮೆಯ ಹಳ್ಳಿಗಳಿಂದ ಬಂದ ರೈತರ, ನೇಕಾರರ, ಕಸಬುದಾರರ ಮಕ್ಕಳು. ಇವರೆಲ್ಲರೂ ಪಿಯೆಟಿಸ್ಟ್ ಪಂಥದ ಭಕ್ತಿಯಲ್ಲಿ ಬೆಳೆದವರು. ಸಂಸ್ಥೆಯ ಮುಖ್ಯಸ್ಥನಿಗೆ ಇನ್ಸ್‌ಪೆಕ್ಟರ್ ಎಂಬ ಹೆಸರು. ೧೮೫೦ರಿಂದ ೧೮೭೯ರವರೆಗೆ ಈ ಪದವಿಯಲ್ಲಿದ್ದ ಯೋಸೆಫ್ ಯೋಸೆನ್‌ಹಾನ್ಸರು ೧೮೫೧-೫೨ರಲ್ಲಿ ಭಾರತದ ಕೇಂದ್ರಗಳನ್ನು ತಾವೇ ಬಂದು ನೋಡಿ ಹೋದರು. ನಿಯಮಗಳ ಕಟ್ಟು ಬಿಗಿಯಾದದ್ದು ಇವರ ಕಾಲದಲ್ಲಿ. ಮಿಶನ್ನಿನ ಶಾಲೆಯಲ್ಲಿ ಕಲಿಯುವವರು ಪರಸ್ಪರ ‘ಸಹೋದರರು’. ಇನ್ಸ್‌ಪೆಕ್ಟರನು ಅವರಿಗೆ ತಂದೆಯ ಸ್ಥಾನದಲ್ಲಿರುವವನು. ಸಮಿತಿ ಪ್ರಾರ್ಥನೆಮಾಡಿ ತೆಗೆದುಕೊಂಡ ತೀರ್ಮಾನದಲ್ಲಿ ದೇವರ ಚಿತ್ತವೇ ಪ್ರಕಟವಾಗುತ್ತದೆಂಬುದು ಅಲ್ಲಿಯ ನಂಬಿಕೆ. ಹೀಗೆ ಸಂಸ್ಥೆಯೇ ಒಂದು ಕುಟುಂಬದ ರೂಪವನ್ನು ತಾಳಿತು. ಅವಿಭಕ್ತ ಕುಟುಂಬವನ್ನು ಬಲ್ಲ ನಮಗೆ ಈ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಯಜಮಾನನ ಮಾತಿಗೆ ಎದುರಿಲ್ಲ, ಗಂಟು ಅವನ ಕೈಯಲ್ಲಿ, ಮದುವೆ ಅವನು ಗೊತ್ತುಮಾಡಿದಲ್ಲಿ.

ಮಿಲ್ಲರರು ಕೇಳುವ ಪ್ರಶ್ನೆ ಸರಳವಾದದ್ದು. ಇಷ್ಟು ಬಿಗಿಯಾದ ಸಂಸ್ಥೆ ಗೋಲ್ಡ್ ಕೋಸ್ಟಿನಲ್ಲಿ ಇಷ್ಟೊಂದು ಜಗಳ, ದೂರು, ಅವಿಶ್ವಾಸಗಳ ನಡುವೆಯೂ ಹೇಗೆ ಬಾಳಿತು? ೧೮೨೮ರಲ್ಲಿ ಅಲ್ಲಿಗೆ ಹೊರಟ ಮೊದಲ ನಾಲ್ವರಲ್ಲಿ ಯಾರೂ ಉಳಿಯಲಿಲ್ಲ. ಹೆಚ್ಚಿನವರು ಕೆಲವೇ ತಿಂಗಳುಗಳಲ್ಲಿ ಜ್ವರಕ್ಕೆ ಬಲಿಯಾದರು. ಆದರೂ ಜನ ಹೋಗುತ್ತಲೇ ಇದ್ದರು. ಹೋದವರು ಒಬ್ಬರ ನಡತೆಯನ್ನು ಇನ್ನೊಬ್ಬರು ಗಮನಿಸಿ ಬಾಸೆಲಿಗೆ ಬರೆಯಬೇಕೆಂಬ ಕಟ್ಟಳೆಯಿತ್ತು. ಆತ್ಮಶುದ್ಧಿಗಾಗಿ ಮಾಡಿದ ಈ ಏರ್ಪಾಡು ಸಹೋದರರ ನಡುವಿನ ಸ್ನೇಹವನ್ನೇ ಕೆಡಿಸಿತು. ಉತ್ಸಾಹವಿಲ್ಲದವನು ಆ ಕಾಡಿಗೆ ಹೋಗುವುದಿಲ್ಲ. ಉತ್ಸಾಹವುಳ್ಳವನು ಅಪ್ಪಣೆಗೆ ಕಾಯುವುದಿಲ್ಲ. ಈ ವಿರೋಧವನ್ನು ಸಂಸ್ಥೆ ಬಗೆಹರಿಸಲಿಲ್ಲ, ಹೊತ್ತುಕೊಂಡೇ ನಡೆಯಿತು. ಕೆಲವರು ನಿಯಮವನ್ನು ಮೀರಿದರು. ಅವರ ಮೀರಿಕೆಯಿಂದ ಸಂಸ್ಥೆಗೆ ಲಾಭವಾದಾಗ ಸಮಿತಿ ಮುಖ ತಿರುಗಿಸಿ ಸುಮ್ಮನಾಯಿತು, ಮುಂದೆ ಅದನ್ನೇ ತನ್ನ ಸಾಧನೆಯೆಂದು ಎಣಿಸಿತು. ಮಿಲ್ಲರರ ಪ್ರಬಂಧದ ಸಾರ ಇಷ್ಟೆನ್ನಬಹುದು.

ಇದಕ್ಕೆ ಅವರು ಕೊಡುವ ನಿದರ್ಶನಗಳಲ್ಲಿ ಎರಡು ಮುಖ್ಯವಾದವು. ಆಂಡ್ರಿಯಾಸ್ ರೀಸ್ ಎಂಬವನು ಜೊತೆಗಾರರೆಲ್ಲ ಸತ್ತ ಮೇಲೆ ಏಕಾಂಗಿಯಾಗಿ ಕರಾವಳಿಯನ್ನು ಬಿಟ್ಟು ೧೮೩೫ರಲ್ಲಿ ಒಳನಾಡಿನ ಅಕ್ರೊಪಾಂಗಿಗೆ ಹೋದನು. ೧೮೪೩ರಲ್ಲಿ ವೆಸ್ಟ್ ಇಂಡೀಸಿನಿಂದ ಕ್ರೈಸ್ತ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದನು. ಸ್ವೇಚ್ಛಾಚಾರದ ಆರೋಪ ಹೊತ್ತು ಅವನು ಹಿಂದಿರುಗಬೇಕಾಯಿತು; ಅವನು ಆರಿಸಿದ ಸ್ಥಳ ಮಾತ್ರ ಮಿಶನ್ನಿನ ಮುಖ್ಯ ಕೇಂದ್ರವಾಗಿ ಉಳಿಯಿತು. ಎರಡನೆಯವನು ಯೋಹಾನ್ನೆಸ್ ತ್ಸಿಮ್ಮರ್‌ಮನ್. ಗಾ ಭಾಷೆಗೆ ವ್ಯಾಕರಣವನ್ನು ಬರೆದು ಬೈಬಲನ್ನು ಅನುವಾದಿಸಿದ ಈ ವಿದ್ವಾಂಸನು ೧೮೫೧ರಲ್ಲಿ ಸಮಿತಿಯ ಅನುಮತಿಯಿಲ್ಲದೆ ಕ್ಯಾಥರೀನ್ ಮಲ್‌ಗ್ರೇವ್ ಎಂಬ ಶಿಕ್ಷಕಿಯನ್ನು ಮದುವೆಯಾದನು. ಆಕೆ ಆಫ್ರಿಕದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗುಲಾಮರ ಹಡಗಿಗೆ ಸಿಕ್ಕಿ, ಜಮೈಕದಲ್ಲಿ ಬೆಳೆದು, ರೀಸನು ಕರೆತಂದ ಗುಂಪಿನೊಡನೆ ಆಫ್ರಿಕಕ್ಕೆ ಮರಳಿದವಳು. ಸಮಿತಿ ಸಿಟ್ಟಾಯಿತು, ಆದರೆ ಅವನನ್ನು ತೆಗೆದುಹಾಕಲಿಲ್ಲ.

ಈ ಸಿದ್ಧಾಂತವನ್ನು ಕನ್ನಡನಾಡಿಗೆ ತಂದು ನೋಡೋಣ. ಸಾಮುವೇಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ರಲ್ಲಿ ಈ ಕರಾವಳಿಯಲ್ಲಿ ಇಳಿದರು. ಹರ್ಮನ್ ಮೋಗ್ಲಿಂಗರು ೧೮೩೬ರಲ್ಲಿಯೂ ಗಾಟ್‌ಫ್ರೀಡ್ ವೈಗಲರು ೧೮೪೦ರಲ್ಲಿಯೂ ಬಂದು ಸೇರಿದರು. ಮಿಲ್ಲರರು ಹುಡುಕುವಂಥ ಮೀರಿಕೆಗೆ ಮೋಗ್ಲಿಂಗರಿಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಕೊಡಗಿನ ಅಲಮಂಡ ಸೋಮಯ್ಯನೆಂಬವನು ದೀಕ್ಷಾಸ್ನಾನವನ್ನು ಬೇಡಿಬಂದಾಗ, ಸ್ವದೇಶಕ್ಕೆ ಮರಳುವ ಆಲೋಚನೆಯಲ್ಲಿದ್ದ ಮೋಗ್ಲಿಂಗರು ಪ್ರಯಾಣವನ್ನು ನಿಲ್ಲಿಸಿ ೧೮೫೩ರಲ್ಲಿ ಅವನೊಡನೆ ಕೊಡಗಿಗೆ ನಡೆದರು. ಬಾಸೆಲಿನ ಅಪ್ಪಣೆ ಬಂದಿರಲಿಲ್ಲ. ಅಮ್ಮತ್ತಿಯ ಬಳಿ ಆನಂದಪುರವೆಂಬ ನೆಲೆಯನ್ನು ಕಟ್ಟಿದರು; ೧೮೫೫ರಲ್ಲಿ ಕೊಡಗಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಕೆಲವು ವರ್ಷಗಳ ಬಳಿಕ ಸಮಿತಿ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. ಇನ್ನೊಂದು ವಿಧದ ಉದಾಹರಣೆ ಹೆಬಿಕ್. ಜೀವಮಾನವೆಲ್ಲ ಅವಿವಾಹಿತನಾಗಿದ್ದು, ಸಂತೆ ಜಾತ್ರೆಗಳಲ್ಲಿ, ಕಣ್ಣಾನೂರಿನ ದಂಡಿನಲ್ಲಿ ಗುಡುಗುತ್ತಿದ್ದ ಈ ಮನುಷ್ಯನನ್ನು ನಿಯಮಾವಳಿಯ ಯಾವ ಪೆಟ್ಟಿಗೆಯಲ್ಲಿಯೂ ಹಾಕುವುದಕ್ಕಾಗುವುದಿಲ್ಲ. ೧೮೫೯ರಲ್ಲಿ ಅವನು ಭಾರತವನ್ನು ಬಿಟ್ಟನು.

ಇಲ್ಲಿಯವರೆಗೆ ಮಿಲ್ಲರರ ಮಾತು ಸರಿಯಾಗಿ ಹೊಂದುತ್ತದೆ. ಆದರೆ ಅವರ ವಿವರಣೆಯ ಇನ್ನೊಂದು ಭಾಗಕ್ಕೆ ಇಲ್ಲಿಯ ಸಂಗತಿಗಳು ತಿದ್ದುಪಡಿಯನ್ನು ಕೇಳುತ್ತವೆ. ಬಡ ಹಳ್ಳಿಯ ಹುಡುಗನಿಗೆ ಮಿಶನ್ ವಿದ್ಯೆಯನ್ನೂ ಅಂತಸ್ತನ್ನೂ ಕೊಟ್ಟಿತು. ಅವನ ವಿಧೇಯತೆ ಆ ಋಣದಿಂದ ಬಂದದ್ದು ಎನ್ನುತ್ತಾರೆ ಅವರು. ಒಪ್ಪಬಹುದಾದ ಮಾತು. ಆದರೆ ಮೋಗ್ಲಿಂಗ್, ವೈಗಲ್, ಹಾಗೂ ಮಲಯಾಳ ಭಾಷೆಗೆ ನಿಘಂಟನ್ನು ಕೊಟ್ಟ ಹರ್ಮನ್ ಗುಂಡರ್ಟ್ ಇವರು ಹಳ್ಳಿಯ ಕಸಬುದಾರರಲ್ಲ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಕಲಿತು ಬಂದವರು. ಕಿಟ್ಟೆಲರು ಪಾದ್ರಿಯೊಬ್ಬರ ಮಗ. ಸ್ವದೇಶದಲ್ಲಿಯೇ ಸ್ಥಾನಮಾನ ಕಾದಿದ್ದವರಿಗೆ ಸಮಿತಿಯ ಋಣ ಅಷ್ಟು ಭಾರವಾಗಿರಲಿಲ್ಲ. ಗೋಲ್ಡ್ ಕೋಸ್ಟಿನಲ್ಲಿ ಅಲ್ಲಲ್ಲಿ ಒಬ್ಬೊಬ್ಬನಲ್ಲಿ ಕಂಡ ಸ್ವಾತಂತ್ರ್ಯ ಇಲ್ಲಿ ಒಂದು ಇಡೀ ವಿದ್ವತ್ಪರಂಪರೆಯಾಗಿ ಬೆಳೆಯಲು ಇದೂ ಒಂದು ಕಾರಣವಿರಬೇಕು. ಮೋಗ್ಲಿಂಗರ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ದಾಸರ ಪದಗಳು, ಬಸವಪುರಾಣ, ಜೈಮಿನಿ ಭಾರತ ಅಚ್ಚಾದದ್ದು ಧರ್ಮಪ್ರಚಾರದ ನಿಯಮಾವಳಿಯನ್ನು ಅಕ್ಷರಶಃ ಪಾಲಿಸಿದವನಿಂದ ಆಗುವ ಕೆಲಸವಲ್ಲ.

ನಾಯಕತ್ವದ ಮಾತು ಇಷ್ಟಾಯಿತು. ಇನ್ನು ಸಂಸಾರಕ್ಕೆ ಬರೋಣ. ಮಿಲ್ಲರರ ಗ್ರಂಥ ಸೊರಗುವುದು ಇಲ್ಲಿಯೇ.

ಬಾಸೆಲ್ ಮಿಶನರಿ ಮದುವೆಯಾಗದೆ ಹೊರಡಬೇಕು. ಕಾರ್ಯಕ್ಷೇತ್ರದಲ್ಲಿ ಕಡಮೆಯೆಂದರೆ ಎರಡು ವರ್ಷ ದುಡಿದ ಮೇಲೆ ಮದುವೆಗೆ ಅನುಮತಿಯನ್ನು ಬೇಡಬಹುದು. ಸಮಿತಿ ಒಪ್ಪಿದರೆ ವಧುವಿನ ಅನ್ವೇಷಣೆ. ಹುಡುಗಿಯ ಭಕ್ತಿ, ಆರೋಗ್ಯ, ಮನೆತನ, ನಡತೆಗಳನ್ನು ಊರಿನ ಧರ್ಮಗುರುವಿನಿಂದ ವಿಚಾರಿಸಿ ತಿಳಿದುಕೊಳ್ಳುತ್ತಿದ್ದರು. ಅವಳು ಒಪ್ಪಿದರೆ ಕೆಲವು ವಾರಗಳಲ್ಲಿ ಊರು ಬಿಟ್ಟು ಹಡಗು ಹತ್ತಬೇಕು. ಕೋನ್‌ರಾಡರು ಈ ಸ್ತ್ರೀಯರ ಪತ್ರಗಳನ್ನೂ ದಿನಚರಿಗಳನ್ನೂ ಓದಿ ಬರೆದಿರುವ ಅಧ್ಯಾಯಗಳು ಈ ವಿಷಯದಲ್ಲಿ ಬೆಲೆಯುಳ್ಳವು. ವರನ ಮುಖವನ್ನು ಮೊದಲ ಸಲ ಬಂದರಿನಲ್ಲಿ ಕಂಡವರು ಅನೇಕರು. ಈ ಭಾಗವನ್ನು ತರಗತಿಯಲ್ಲಿ ವಿವರಿಸಿದರೆ ನಮ್ಮ ವಿದ್ಯಾರ್ಥಿಗಳು ನಗುತ್ತಾರೆ. ಯುರೋಪಿನವರೆಂದರೆ ತಾವೇ ಮೆಚ್ಚಿ ಮದುವೆಯಾಗುವವರೆಂದು ಅವರ ಎಣಿಕೆ. ನಮ್ಮ ಅಜ್ಜಿಯಂದಿರ ಕಾಲದ ಮದುವೆಗಿಂತ ಇದು ಯಾವುದರಲ್ಲಿ ಬೇರೆ ಎಂದು ಕೇಳುತ್ತಾರೆ. ಒಂದರಲ್ಲಿ ಮಾತ್ರ ಬೇರೆ. ಆ ಹುಡುಗಿ ಇದನ್ನು ತಂದೆಯ ಅಪ್ಪಣೆಯೆಂದಲ್ಲ, ದೇವರ ಕರೆಯೆಂದು ಸ್ವೀಕರಿಸಿದಳು. ಎಷ್ಟೋ ಮಂದಿಗೆ ಹಳ್ಳಿಯ ಬಾಳಿನಿಂದ ಹೊರಬಂದು ಶಾಲೆ ನಡೆಸುವ, ಭಾಷೆ ಕಲಿಯುವ ಅವಕಾಶವೂ ಅದರಿಂದಲೇ ಸಿಕ್ಕಿತು. ಕೋನ್‌ರಾಡರು ಇದನ್ನು ಮರೆಮಾಚದೆ ಹೇಳುತ್ತಾರೆ. ಈ ಸ್ತ್ರೀಯರನ್ನು ಬರಿಯ ಬಲಿಪಶುಗಳಾಗಿ ಚಿತ್ರಿಸದಿರುವುದು ಆ ಗ್ರಂಥದ ಗುಣ.

ಮರಣವು ಈ ಸಂಸಾರಗಳನ್ನು ಮತ್ತೆ ಮತ್ತೆ ಮುರಿಯಿತು, ಅವು ಮತ್ತೆ ಮತ್ತೆ ಜೋಡಿಸಿಕೊಂಡವು. ಕನ್ನಡ ಹೊಸ ಒಡಂಬಡಿಕೆಯ ಪರಿಷ್ಕರಣದಲ್ಲಿ ದುಡಿದ ವೈಗಲರು ೧೮೫೫ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನಳನ್ನು ಮೋಗ್ಲಿಂಗರು ವಿವಾಹವಾದರು. ಕಿಟ್ಟೆಲರು ೧೮೬೦ರಲ್ಲಿ ಪೌಲೀನ್ ಐಟ್ ಎಂಬವಳನ್ನು ಮದುವೆಯಾದರು. ೧೮೬೪ರಲ್ಲಿ ಆಕೆ ಸತ್ತಳು. ೧೮೬೭ರಲ್ಲಿ ಆಕೆಯ ತಂಗಿ ಯೂಲಿಯೆಯನ್ನು ಮದುವೆಯಾದರು. ನಿಘಂಟಿನ ಎಪ್ಪತ್ತು ಸಾವಿರ ಶಬ್ದಗಳ ಲೆಕ್ಕ ನಮಗೆ ಬಾಯಿಪಾಠವಾಗಿದೆ. ಈ ಇಬ್ಬರು ಅಕ್ಕತಂಗಿಯರ ಹೆಸರು ಎಷ್ಟು ಜನಕ್ಕೆ ಗೊತ್ತು?

ಎಲ್ಲಕ್ಕಿಂತ ಕಠಿಣವಾದ ನಿಯಮ ಮಕ್ಕಳದು. ಮಿಶನರಿಯ ಮಕ್ಕಳು ಶಾಲೆಯ ವಯಸ್ಸಿಗೆ, ಎಂದರೆ ಸುಮಾರು ಆರು ವರ್ಷಕ್ಕೆ ಬಂದೊಡನೆ ಅವರನ್ನು ಯುರೋಪಿಗೆ ಕಳುಹಿಸಬೇಕು. ಅವರಿಗಾಗಿ ೧೮೫೩ರಲ್ಲಿ ಬಾಸೆಲಿನಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು. ಉಷ್ಣದೇಶದ ರೋಗ, ತಕ್ಕ ಶಾಲೆಯಿಲ್ಲದಿರುವುದು, ‘ಅನ್ಯಧರ್ಮೀಯ’ ಸಹವಾಸದ ಭಯ ಇವು ಹೇಳಿದ ಕಾರಣಗಳು. ತಂದೆತಾಯಿಗಳಿಗೆ ಸ್ವದೇಶಕ್ಕೆ ಹೋಗುವ ಅವಕಾಶ ಎಷ್ಟೋ ವರ್ಷಗಳಿಗೊಮ್ಮೆ. ಮಗು ತಾಯಿಯನ್ನು ಮತ್ತೆ ಕಾಣುವ ಹೊತ್ತಿಗೆ ಗುರುತು ಹಿಡಿಯಲಾರದಷ್ಟು ಬೆಳೆದಿರುತ್ತಿತ್ತು. ಕೆಲವರು ಕಾಣಲೇ ಇಲ್ಲ. ಗುಂಡರ್ಟರ ಮಗಳು ಮರೀ ೧೮೪೨ರಲ್ಲಿ ತಲಶೇರಿಯಲ್ಲಿ ಹುಟ್ಟಿದಳು. ಮಕ್ಕಳ ಮನೆ ತೆರೆಯುವುದಕ್ಕೂ ಮೊದಲೇ, ನಾಲ್ಕನೆಯ ವಯಸ್ಸಿನ ಆಸುಪಾಸಿನಲ್ಲಿ, ಅವಳನ್ನು ಯುರೋಪಿನಲ್ಲಿ ಬಿಟ್ಟು ಹೆತ್ತವರು ಹಿಂದಿರುಗಿದರು. ಅವಳು ಮತ್ತೆ ಭಾರತಕ್ಕೆ ಬಂದದ್ದು ೧೮೫೭ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ ಅವಳೂ ಮಿಶನರಿಯನ್ನೇ ಮದುವೆಯಾದಳು, ವಿಧವೆಯಾದಳು, ಮತ್ತೆ ಮದುವೆಯಾದಳು. ಎರಡನೆಯ ಮದುವೆಯ ಮಗನೇ ೧೯೪೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹರ್ಮನ್ ಹೆಸ್ಸೆ. ಹಟಮಾರಿಯಾದ ಆ ಹುಡುಗನನ್ನು ೧೮೮೪ರಲ್ಲಿ ಕೆಲವು ತಿಂಗಳು ಮಿಶನ್ನಿನ ಹುಡುಗರ ನಿಲಯಕ್ಕೇ ಸೇರಿಸಬೇಕಾಯಿತು.

ಈಗ ಮಿಲ್ಲರರ ಸಿದ್ಧಾಂತವನ್ನು ಈ ಮಕ್ಕಳ ಮೇಲೆ ಇಟ್ಟು ನೋಡಬೇಕು. ಮೀರುವವನು ಸಂಸ್ಥೆಯನ್ನು ಉಳಿಸುತ್ತಾನೆಂಬುದು ಅವರ ಸೂತ್ರ. ರೀಸ್, ತ್ಸಿಮ್ಮರ್‌ಮನ್, ಮೋಗ್ಲಿಂಗ್ ಎಲ್ಲರೂ ಮೀರಬಲ್ಲ ವಯಸ್ಸಿನ ಗಂಡಸರು. ಮೀರಿದರೆ ಸಮಿತಿಗೆ ಪತ್ರ ಬರೆದು ವಾದಿಸಬಲ್ಲವರು. ಆರು ವರ್ಷದ ಮಗು ಯಾರಿಗೆ ಬರೆಯಬೇಕು? ಸಂಸ್ಥೆಯ ಒಳವಿರೋಧವನ್ನು ಯಾರೋ ಹೊತ್ತುಕೊಂಡರು ಎಂದಾಗ, ಯಾರು ಹೊತ್ತರೆಂಬ ಪ್ರಶ್ನೆಯನ್ನೂ ಕೇಳಬೇಕಲ್ಲವೆ? ಗಂಡಸರ ಅವಿಧೇಯತೆಗೆ ಕ್ಷಮೆಯಿತ್ತು, ಎಷ್ಟೋ ಸಲ ಸನ್ಮಾನವೂ ದೊರೆಯಿತು. ಮಕ್ಕಳ ಅಗಲಿಕೆಗೆ ಅಂಥ ತೀರ್ಪಿನ ದಿನವೇ ಬರಲಿಲ್ಲ. ವಿರೋಧವನ್ನು ಕೇವಲ ಆಡಳಿತದ ತೊಡಕೆಂದು ಎಣಿಸಿದುದರಿಂದ ಮಿಲ್ಲರರಿಗೆ ಇದು ಕಾಣಲಿಲ್ಲ. ಅದರ ಬೇರು ಆಡಳಿತದಲ್ಲಿಲ್ಲ, ಮೇಲೆ ಹೇಳಿದ ಎರಡು ವಚನಗಳಲ್ಲಿದೆ. ಮಿಶನರಿ ತನ್ನ ಮಕ್ಕಳ ವಿಷಯದಲ್ಲಿ ಲೂಕನನ್ನು ಪಾಲಿಸಿದನು. ತನ್ನ ಸಭೆಯವರಿಗೆ ತಿಮೊಥೆಯನ ಪತ್ರಿಕೆಯನ್ನು ಬೋಧಿಸಿದನು. ಮಕ್ಕಳನ್ನು ಬಿಟ್ಟುಕೊಟ್ಟವನು ಮಕ್ಕಳನ್ನು ಹೇಗೆ ಸಾಕಬೇಕೆಂದು ಊರಿಗೆ ಉಪದೇಶಿಸುತ್ತಿದ್ದನು. ಇದನ್ನು ಕಪಟವೆಂದು ನಾನು ಹೇಳಲಾರೆ. ಆ ತಾಯಂದಿರ ಪತ್ರಗಳಲ್ಲಿರುವ ದುಃಖ ಕಪಟಿಗಳದಲ್ಲ. ಆದರೆ ಆ ದುಃಖವನ್ನು ‘ಅರ್ಪಣೆ’ ಎಂದು ಕರೆದೊಡನೆ ಅದನ್ನು ಪ್ರಶ್ನಿಸುವ ದಾರಿ ಮುಚ್ಚಿಹೋಗುತ್ತದೆ. ಅರ್ಪಿಸಿದವರು ಹಿರಿಯರು, ಅರ್ಪಿತವಾದದ್ದು ಇನ್ನೊಂದು ಜೀವ.

ಇದೇ ಲೂಕನ ವಚನವನ್ನು ಇಲ್ಲಿಯವರೂ ಪಾಲಿಸಬೇಕಾಯಿತು. ೧೮೪೪ರ ಜನವರಿಯಲ್ಲಿ ಮಂಗಳೂರಿನ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನವನ್ನು ಪಡೆದರು. ಅವರಲ್ಲಿ ಆನಂದರಾವ್ ಕೌಂಡಿನ್ಯನು ಮೋಗ್ಲಿಂಗರ ಹೆಸರನ್ನೇ ತಾಳಿ ಹರ್ಮನ್ ಆನಂದರಾವ್ ಆದನು. ಊರಿನಲ್ಲಿ ಕೋಲಾಹಲವೆದ್ದಿತು. ನಮ್ಮ ಚರಿತ್ರಕಾರರು ಈ ಪ್ರಕರಣವನ್ನು ಪ್ರಸ್ತಾಪಿಸುವಾಗ ಮತಾಂತರ ಸರಿಯೇ ತಪ್ಪೇ ಎಂಬ ವಾದದಲ್ಲಿ ಮುಳುಗುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಹತ್ತೊಂಬತ್ತರ ತರುಣನೊಬ್ಬನು ಒಂದು ಮನೆಯನ್ನು ಬಿಟ್ಟು ಇನ್ನೊಂದು ಮನೆಯನ್ನು ಹೊಕ್ಕನೆಂಬುದು. ಹಳೆಯ ಮನೆ ಅವನಿಗೆ ಶ್ರಾದ್ಧವನ್ನು ಮಾಡಬಹುದಿತ್ತು. ಹೊಸ ಮನೆ ಅವನಿಗೆ ಸಹೋದರರನ್ನೂ ಅನ್ನವನ್ನೂ ಕೊಡಬೇಕಾಗಿತ್ತು. ಕಾನೂನು ಹಿಂದಿನಿಂದ ಕುಂಟುತ್ತ ಬಂತು. ಮತವನ್ನು ಬಿಟ್ಟ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗದೆಂದು ವಿಧಿಸಿದ ಶಾಸನ ೧೮೫೦ರದು. ಕ್ರೈಸ್ತನಾದವನ ಹೆಂಡತಿ ಅವನೊಡನೆ ಬಾಳಲು ಒಪ್ಪದಿದ್ದರೆ ನ್ಯಾಯಾಲಯ ವಿಚಾರಣೆ ನಡೆಸಿ, ಆಲೋಚಿಸಲು ಅವಧಿ ಕೊಟ್ಟು, ಮದುವೆಯನ್ನು ರದ್ದುಮಾಡಬಹುದೆಂದ ಶಾಸನ ೧೮೬೬ರದು. ಈ ಎರಡನೆಯ ಶಾಸನವನ್ನು ಓದುವಾಗಲೆಲ್ಲ, ಹೊಸ್ತಿಲ ಒಳಗೆ ಉಳಿದ ಆ ಹುಡುಗಿಯರು ಯಾರು, ಮುಂದೆ ಏನಾದರು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಬಾಲ್ಯವಿವಾಹ ರೂಢಿಯಲ್ಲಿದ್ದು ವಿಧವೆಗೆ ಮರುಮದುವೆಯಿಲ್ಲದ ಮನೆತನಗಳಲ್ಲಿ, ಗಂಡ ಬದುಕಿದ್ದೂ ಇಲ್ಲದಂತಾದವಳ ಪಾಡನ್ನು ಯಾವ ಮಿಶನ್ ವರದಿಯೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲಾರದು.

ಕೌಂಡಿನ್ಯನು ೧೮೪೬ರಲ್ಲಿ ಬಾಸೆಲಿಗೆ ಹೋಗಿ ಮಿಶನ್ನಿನ ಶಾಲೆಯಲ್ಲಿ ಕಲಿತು, ೧೮೫೧ರಲ್ಲಿ ಪಟ್ಟಾಭಿಷಿಕ್ತ ಪಾದ್ರಿಯಾಗಿ ಮರಳಿದನು. ೧೮೬೦ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ಮದುವೆಯಾದನು. ಅವಳು ಉಳಿದ ಮಿಶನ್ ವಧುಗಳಂತೆಯೇ ಕಡಲನ್ನು ದಾಟಿ ಬಂದವಳು. ತ್ಸಿಮ್ಮರ್‌ಮನ್ನನ ಮದುವೆಗೂ ಇದಕ್ಕೂ ನಡು ಒಂಬತ್ತೇ ವರ್ಷ. ಬಿಳಿಯ ಗಂಡಸು ಕರಿಯ ಹೆಂಗಸನ್ನು ವರಿಸಿದುದು ಅಪರಾಧವಾಯಿತು. ಬಿಳಿಯ ಹೆಂಗಸು ಕಂದುಬಣ್ಣದ ಗಂಡಸನ್ನು ವರಿಸಲು ಹಡಗು ಹತ್ತಿದಳು. ಆ ಕಾಲದ ಯುರೋಪಿನ ಕಣ್ಣಿಗೆ ಎರಡನೆಯದೇ ಹೆಚ್ಚು ವಿಪರೀತವಾಗಿ ಕಾಣಬೇಕಾಗಿತ್ತು. ವರ್ಣಭೇದವೊಂದರಿಂದಲೇ ಈ ವ್ಯತ್ಯಾಸವನ್ನು ಬಿಡಿಸಲಾಗುವುದಿಲ್ಲ. ಕೌಂಡಿನ್ಯನು ಬಾಸೆಲಿನ ಮನೆಯಲ್ಲಿ ಬೆಳೆದ ಮಗ. ಅವನ ಮದುವೆ ಮನೆಯ ಮದುವೆ. ತ್ಸಿಮ್ಮರ್‌ಮನ್ನನು ಮನೆಯ ಮಗನೇ ಆದರೂ ಕೇಳದೆ ಮಾಡಿಕೊಂಡನು. ಯಾರನ್ನು ಮದುವೆಯಾದನೆಂಬುದರಷ್ಟೇ, ಯಾರು ಗೊತ್ತುಮಾಡಿದರೆಂಬುದೂ ತೂಕದ ವಿಷಯವಾಗಿತ್ತೆಂದು ನನ್ನ ಊಹೆ. ಬ್ರಾಹ್ಮಣನೆಂಬ ಮನ್ನಣೆಯೂ ಒಳಗೊಳಗೆ ಕೆಲಸಮಾಡಿರಬಹುದು. ಜಾತಿಯನ್ನು ಒಪ್ಪದ ಸಂಸ್ಥೆಗೂ ಅದರ ಬೆಲೆ ಗೊತ್ತಿತ್ತು.

ಕರಾವಳಿಯ ಸಭೆಗಳಲ್ಲಿ ಹೆಚ್ಚಿನವರು ಬ್ರಾಹ್ಮಣರಲ್ಲ, ಬಿಲ್ಲವರು. ಇವರ ವಿಷಯವನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ಕಳ್ಳು ಇಳಿಸುವುದು ಇವರಲ್ಲಿ ಅನೇಕರ ಕಸಬು; ಕ್ರೈಸ್ತರಾದವರು ಅದನ್ನು ಬಿಡಬೇಕೆಂದು ಮಿಶನ್ ವಿಧಿಸಿತು. ಒಕ್ಕಲುತನ ಹಲವರಿಗೆ ಒಡೆಯರ ಕೃಪೆಯನ್ನು ಅವಲಂಬಿಸಿದ್ದಿತು, ಅದೂ ತಪ್ಪಿತು. ೧೮೫೧ರ ನೇಯ್ಗೆಯ ಮನೆ, ೧೮೬೫ರಲ್ಲಿ ಪ್ಲೆಬ್ಸ್ಟ್ ತೆರೆದ ಹೆಂಚಿನ ಕಾರ್ಖಾನೆ ಇವುಗಳ ಹುಟ್ಟಿಗೆ ಇದು ಮುಖ್ಯ ಕಾರಣ. ಕೆಲಸ ಕೊಡುವವನೂ, ಮನೆ ಕೊಡುವವನೂ, ಶಾಲೆ ನಡೆಸುವವನೂ, ಭಾನುವಾರ ಉಪದೇಶ ಮಾಡುವವನೂ ಒಬ್ಬನೇ ಆದಾಗ ಅವನು ನಾಯಕನಾಗಿ ಉಳಿಯುವುದಿಲ್ಲ, ಯಜಮಾನನಾಗುತ್ತಾನೆ. ಅದರ ಜೊತೆಗೆ ಇನ್ನೊಂದು ಪಲ್ಲಟ ಸದ್ದಿಲ್ಲದೆ ನಡೆಯಿತು. ತುಳುನಾಡಿನ ಅಳಿಯಸಂತಾನದ ಕಟ್ಟಿನಲ್ಲಿ ಕುಟುಂಬದ ಬೇರು ತಾಯಿ. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ. ಮಕ್ಕಳ ಪಾಲಿಗೆ ಸೋದರಮಾವನೇ ಹಿರಿಯ. ಎಫೆಸದವರಿಗೆ ಬರೆದ ಪತ್ರಿಕೆಯ ಗೃಹಧರ್ಮ ಮಾವನನ್ನು ಅರಿಯದು. ಅದಕ್ಕೆ ತಂದೆಯೇ ತಲೆ. ೧೮೬೫ರ ಭಾರತೀಯ ಉತ್ತರಾಧಿಕಾರ ಶಾಸನವು ಕ್ರೈಸ್ತರಿಗೆ ಅನ್ವಯಿಸಿದ ಮೇಲೆ ಈ ಬದಲಾವಣೆಗೆ ಕಾನೂನಿನ ಮುದ್ರೆಯೂ ಬಿತ್ತು. ಕ್ರೈಸ್ತಳಾದ ಬಿಲ್ಲವ ಹೆಂಗಸಿಗೆ ಅಕ್ಷರ ಸಿಕ್ಕಿತು, ಒಬ್ಬಳೇ ಹೆಂಡತಿಯೆಂಬ ಭದ್ರತೆ ಸಿಕ್ಕಿತು. ತವರಿನ ನೆಲದ ಮೇಲಿನ ಹಕ್ಕು ಕೈಬಿಟ್ಟಿತು. ಲಾಭನಷ್ಟಗಳ ಈ ಲೆಕ್ಕವನ್ನು ಯಾರೂ ಸರಿಯಾಗಿ ಮಾಡಿಲ್ಲ. ಕ್ರೈಸ್ತ ಕುಟುಂಬದ ಆದರ್ಶವನ್ನು ಹೊಗಳುವವರು ಬಂದದ್ದನ್ನು ಮಾತ್ರ ಎಣಿಸುತ್ತಾರೆ, ತೆಗಳುವವರು ಹೋದದ್ದನ್ನು ಮಾತ್ರ.

ಕೊಡಗಿನ ಒಂದು ಸಂಗತಿ ಇಲ್ಲಿ ನೆನೆಯತಕ್ಕದ್ದು. ಅಲ್ಲಿಯ ದೇಶೀಯ ಕ್ರೈಸ್ತರನ್ನು ಸರ್ಕಾರ ೧೮೬೮ರಲ್ಲಿ ಈ ಉತ್ತರಾಧಿಕಾರ ಶಾಸನದಿಂದ ಹೊರಗಿಟ್ಟಿತು. ಕೊಡಗಿನ ಜಮ್ಮಾ ಭೂಮಿ ಒಕ್ಕದ ಸೊತ್ತು, ಪಾಲಾಗದ್ದು. ಅದನ್ನು ಒಬ್ಬೊಬ್ಬನ ಆಸ್ತಿಯೆಂದು ಎಣಿಸುವ ಕಾನೂನು ಅಲ್ಲಿಯ ಸಂಸಾರಕ್ಕೆ ಹೊಂದುವುದು ಕಷ್ಟ. ಬೈಬಲ್ಲಿನ ಗೃಹಧರ್ಮ ಒಂದೇ ಆದರೂ ಮಂಗಳೂರಿನ ಕ್ರೈಸ್ತ ಕುಟುಂಬ, ಅಮ್ಮತ್ತಿಯ ಕ್ರೈಸ್ತ ಕುಟುಂಬ ಎರಡು ಬೇರೆ ಕಟ್ಟುಗಳಾಗಿ ನಿಂತವು. ‘ಕ್ರೈಸ್ತ ಸಂಸಾರ’ವೆಂಬ ಒಂದೇ ಮಾದರಿಯಿಂದ ಪಾಠವನ್ನು ತೆಗೆಯುವವರು ಈ ಭೇದವನ್ನು ಉತ್ತರಿಸಬೇಕಾಗುತ್ತದೆ.

೧೯೧೪ರ ಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳನ್ನು ಸರ್ಕಾರ ಬಂಧನದಲ್ಲಿಟ್ಟು ಬಳಿಕ ದೇಶದಿಂದ ಹೊರಕ್ಕೆ ಕಳುಹಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಎಂಬತ್ತು ವರ್ಷ ತಂದೆಯ ಮಾತಿನಂತೆ ನಡೆದ ಮನೆಯಲ್ಲಿ ತಂದೆಯೇ ಇಲ್ಲದಂತಾಯಿತು. ಆದರೂ ಸಭೆಗಳು ಚದುರಲಿಲ್ಲ. ಇಲ್ಲಿಯ ಸಭಾಪಾಲಕರು, ಉಪದೇಶಿಗಳು, ಶಾಲಾ ಉಪಾಧ್ಯಾಯರು ಅವುಗಳನ್ನು ಹಿಡಿದುಕೊಂಡರು. ದಕ್ಷಿಣ ಕನ್ನಡದ ಸಭೆಗಳು ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ನಾಯಕತ್ವದ ಪಾಠವನ್ನು ಹುಡುಕುವವರು ಮೋಗ್ಲಿಂಗ್, ಹೆಬಿಕ್ಕರ ಬಳಿಯೇ ನಿಲ್ಲದೆ ಈ ಹೆಸರಿಲ್ಲದ ಉಪದೇಶಿಗಳ ಬಳಿಗೂ ಬರಬೇಕಾಗಿತ್ತು. ಮಿಲ್ಲರರೂ ಬಹುಮಟ್ಟಿಗೆ ಯುರೋಪಿಯನ್ ಮಿಶನರಿಗಳ ಕಥೆಯಲ್ಲಿಯೇ ನಿಲ್ಲುತ್ತಾರೆ.

ಅವರ ಗ್ರಂಥದ ಬೆಲೆಯನ್ನು ಇದರಿಂದ ಕಡಮೆಮಾಡಬೇಕಾಗಿಲ್ಲ. ಭಕ್ತಿಯ ಚರಿತ್ರೆಗಳು ಸುಮ್ಮನೆ ದಾಟಿಹೋದ ಜಗಳ, ದೂರುಗಳನ್ನು ಅವರು ಎದುರಿಸಿ ಓದಿದ್ದಾರೆ. ಓದಿಯೂ ಅಪಹಾಸ್ಯಕ್ಕೆ ಇಳಿದಿಲ್ಲ. ಕೋನ್‌ರಾಡರ ಗ್ರಂಥವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಅದರ ಕೊರತೆ ಅರ್ಧ ತುಂಬುತ್ತದೆ. ಉಳಿದರ್ಧ ತುಂಬಬೇಕಾದದ್ದು ಇಲ್ಲಿಂದ. ಬಾಸೆಲಿನ ದಾಖಲೆಮನೆಯಲ್ಲಿ ಮಿಶನರಿಗಳ ಪತ್ರಗಳೂ ವರದಿಗಳೂ ಉಳಿದುಬಂದಿವೆ. ಛಾಯಾಚಿತ್ರಗಳಲ್ಲಿ ಬಹುಭಾಗ ಈಗ ಅಂತರ್ಜಾಲದಲ್ಲಿಯೇ ನೋಡಸಿಗುತ್ತವೆ. ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಆಧುನಿಕ ಜರ್ಮನ್ ಬಲ್ಲವರಿಗೂ ಅದನ್ನು ಬೇರೆಯಾಗಿ ಕಲಿಯದೆ ಓದಲಾಗದು. ನಮ್ಮ ವಿಭಾಗಗಳಲ್ಲಿ ಆ ಲಿಪಿಯನ್ನು ಓದಬಲ್ಲ ಇಬ್ಬರು ವಿದ್ಯಾರ್ಥಿಗಳು ಸಿದ್ಧರಾದರೂ ಕೆಲಸ ಆರಂಭವಾಗುತ್ತದೆ. ಅಲ್ಲಿಯವರೆಗೆ ಹಳೆಯ ಸಭೆಗಳ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗುಗಳಲ್ಲಿ ಹುಡುಕಿ, ಒಂದೊಂದು ಮನೆತನದ ಮೂರು ತಲೆಮಾರನ್ನಾದರೂ ಗುರುತಿಸಿ, ಆ ಕಾಲದ ಭೂದಾಖಲೆಗಳೊಡನೆ ಹೋಲಿಸಿ ನೋಡಬಹುದು. ಯಾವ ಹೆಂಗಸು ಗಂಡನೊಡನೆ ಬಂದಳು, ಯಾರು ಬರಲಿಲ್ಲ, ಬಂದವಳ ತವರಿನ ನೆಲ ಯಾರ ಹೆಸರಿಗೆ ಸೇರಿತು ಎಂಬ ಪ್ರಶ್ನೆಗಳನ್ನು ಇಟ್ಟುಕೊಂಡು ಆ ಪುಸ್ತಕಗಳನ್ನು ತೆರೆಯಬೇಕು.